ದೀಪ ಹಚ್ಚಿದ ಮೇಲೆ ಆಡುವ ಮಾತು

ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಆಡಬಾರದ ಮಾತುಗಳು ಬಹಳ ಇದ್ದವು. ಆಡಬೇಕಾದ ಮಾತು ಒಂದೂ ಇರಲಿಲ್ಲ. ಹಾವಿಗೆ ಹಾವು ಎನ್ನುವಂತಿಲ್ಲ, ಹುಳ ಎನ್ನಬೇಕು. ಉಪ್ಪನ್ನು ಹೆಸರು ಹಿಡಿದು ಕೇಳುವಂತಿಲ್ಲ. ಸೂಜಿಯ ಸುದ್ದಿಯನ್ನಂತೂ ಎತ್ತುವಂತೆಯೇ ಇಲ್ಲ. ಹರಿದ ಲಂಗ ಹರಿದೇ ಮಲಗಬೇಕು. ಡಬ್ಬಿಯಲ್ಲಿ ಅಕ್ಕಿ ತೀರಿದರೆ 'ಇಲ್ಲ' ಎನ್ನಬಾರದು, 'ಹೆಚ್ಚಾಗ್ಯಾವ' ಎನ್ನಬೇಕು. ಈ ಕಾನೂನಿನ ಪ್ರಕಾರ ನಮ್ಮಷ್ಟು ಅಕ್ಕಿ ಹೆಚ್ಚಾದ ಮನೆ ಗಜೇಂದ್ರಗಡದಲ್ಲಿ ಇನ್ನೊಂದಿರಲಿಲ್ಲ. ಹೊಸ್ತಿಲು ದಾಟುವವರು 'ಹೋಗ್ತೇನಿ' ಎನ್ನಬಾರದು, 'ಬರ್ತೇನಿ' ಎನ್ನಬೇಕು. ಒಳಗಿದ್ದವರು 'ಹೋಗ್ರಿ' ಎನ್ನಬಾರದು, 'ಬರ್ರಿ' ಎನ್ನಬೇಕು. ಈ ಶಾಸನಗಳನ್ನು ಯಾರೂ ಕಲ್ಲಿನ ಮೇಲೆ ಕೆತ್ತಿರಲಿಲ್ಲ, ಕೆತ್ತುವ ಅಗತ್ಯವೂ ಇರಲಿಲ್ಲ. ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು, ಎಲೆ ಅಡಿಕೆಯ ಚಂಚಿ ಮಡಿಲಲ್ಲಿಟ್ಟುಕೊಂಡು ಆಯಿ ಕೂತಿರುತ್ತಿದ್ದಳು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಅಪ್ಪ ನನಗೆ ಬುದ್ಧಿ ತಿಳಿಯುವ ಮೊದಲೇ ದೇವರ ಜಗಲಿಯ ಮೇಲಿನ ಫೋಟೊ ಆಗಿದ್ದ. ಆ ಫೋಟೊಕ್ಕೆ ಕುಂಕುಮ ಹಚ್ಚುವವಳು ಆಯಿ, ಅದರ ಕೆಳಗೆ ಒಲೆ ಹೊತ್ತಿಸುವವಳು ಅವ್ವ, ಅದರ ಎದುರು ಕೂತು ಮಗ್ಗಿ ಹೇಳುವವಳು ನಾನು. ಕುಟುಂಬ ಎಂದರೆ ಇಷ್ಟೇ.

ಅವ್ವ ಖಾನಾವಳಿ ನಡೆಸುತ್ತಿದ್ದಳು. ಬೋರ್ಡು ಇರಲಿಲ್ಲ. ಓಣಿಯ ತುದಿಯಲ್ಲಿ ನಿಂತರೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು, ಹಸಿದವರಿಗೆ ಅದೇ ಬೋರ್ಡು. ಮುಂದಿನ ಪಡಸಾಲೆಯಲ್ಲಿ ಗೋಡೆಗುಂಟ ಮಣೆಗಳು; ಹಿಂದೆ ಅಡಿಗೆಮನೆ; ಎರಡರ ನಡುವಿನ ಬಾಗಿಲಿಗೆ ಅವ್ವನ ಹಳೆಯ ಇಳಕಲ್ಲು ಸೀರೆಯ ಪರದೆ. ಪರದೆಯ ಆಚೆ ಗಂಡಸರು, ಈಚೆ ಅವ್ವ, ಪರದೆಯನ್ನು ಹಾಯ್ದು ಓಡಾಡುವ ಅಧಿಕಾರ ನನಗೂ ಪಲ್ಯದ ಬೋಗುಣಿಗೂ ಮಾತ್ರ. ಮಧ್ಯಾಹ್ನ ಸಂತೆಗೆ ಬಂದ ಮಂದಿ ಉಣ್ಣುತ್ತಿದ್ದರು, ಆದರೆ ಮನೆ ನಡೆಯುತ್ತಿದ್ದುದು ರಾತ್ರಿ ಉಣ್ಣುವವರಿಂದ: ಬಾಡಿಗೆ ಕೋಣೆಯ ಮಾಸ್ತರರು, ಲಾರಿಯವರು, ಬೇರೆ ಊರಿಂದ ವರ್ಗವಾಗಿ ಬಂದು ಹೆಂಡತಿಯನ್ನು ಇನ್ನೂ ಕರೆತರದ ನೌಕರರು. ಇವರು ಉಂಡು, ಕೈ ತೊಳೆದು, ಚಪ್ಪಲಿ ಮೆಟ್ಟಿ, 'ಬರ್ತೇವ್ರಿ' ಎನ್ನುತ್ತಿದ್ದರು. ಕಷ್ಟ ಶುರುವಾಗುತ್ತಿದ್ದುದು ಅಲ್ಲಿ. ಹಗಲು ಉಂಡು ಏಳುವ ಗಂಡಸಿಗೆ 'ಬರ್ರಿ' ಅಂದರೆ ಅದು ವ್ಯಾಪಾರ. ಅದೇ ಮಾತನ್ನು ದೀಪ ಹಚ್ಚಿದ ಮೇಲೆ ಗಂಡನಿಲ್ಲದ ಹೆಂಗಸು ಅಂದರೆ ಅದು ಸುದ್ದಿ. ಅದಕ್ಕೇ ಅವ್ವ ಸುಮ್ಮನಿರುತ್ತಿದ್ದಳು. ಸುಮ್ಮನಿದ್ದರೂ ಬಿಡುವವರಲ್ಲ. ಒಬ್ಬ ಲಾರಿಯವನು ದಿನಾ ಹೊಸ್ತಿಲ ಮೇಲೆ ನಿಂತು ಹಲ್ಲಿನಲ್ಲಿ ಕಡ್ಡಿಯಾಡಿಸುತ್ತ, 'ಏನ ಅಕ್ಕಾರ, ಉಂಡವರಿಗೆ ಬರ್ರಿ ಅನ್ನೋ ಪದ್ಧತಿ ಇಲ್ಲೇನು ನಿಮ್ಮ ಮನ್ಯಾಗ' ಎಂದು ಪರದೆಯನ್ನು ಕೇಳುತ್ತಿದ್ದ. ಪರದೆ ಉತ್ತರ ಕೊಡುತ್ತಿರಲಿಲ್ಲ. ರೊಟ್ಟಿಗೆ ಬೀಳುವ ಪೆಟ್ಟು ಮಾತ್ರ ಜೋರಾಗುತ್ತಿತ್ತು.

ಆ ವರ್ಷ ನಮ್ಮ ಗುಡ್ಡದ ಮೇಲೆ ಗಾಳಿಯಂತ್ರಗಳು ಏಳುತ್ತಿದ್ದವು. ಊರವರು ಅವಕ್ಕೆ ಫ್ಯಾನು ಎಂದು ಹೆಸರಿಟ್ಟಿದ್ದರು. ಗುಡ್ಡಕ್ಕೆ ಸೆಕೆಯಾಗುತ್ತದೆಂದು ಸರಕಾರ ಫ್ಯಾನು ಹಾಕಿಸಿದೆ, ನಮ್ಮ ಮನೆಗೆ ಮಾತ್ರ ಬೀಸಣಿಗೆ ಎಂದು ಆಯಿ ಬಹಿರಂಗವಾಗಿ ಟೀಕಿಸುತ್ತಿದ್ದಳು. ಅವನ್ನು ಎಬ್ಬಿಸಿ ನಿಲ್ಲಿಸಲು ಸ್ಪೇನ್ ದೇಶದಿಂದ ಒಬ್ಬ ಇಂಜಿನಿಯರು ಬಂದಿದ್ದ. ಹೆಸರು ಮಾನುವೆಲ್. ಊರು ಆತನನ್ನು ಎರಡೇ ದಿನದಲ್ಲಿ ಮಾನಪ್ಪ ಮಾಡಿಕೊಂಡಿತು, ಆತನೂ ತಕರಾರು ಮಾಡಲಿಲ್ಲ. ಬೆಳವಣಕಿ ಕಡೆಯ ಜೀಪಿನ ಡ್ರೈವರು ಒಂದು ರಾತ್ರಿ ಆತನನ್ನು ನಮ್ಮ ಪಡಸಾಲೆಗೆ ತಂದು ಕೂರಿಸಿದ. ಆಗ ಒಲೆ ಆರಿಸುವ ಹೊತ್ತು. ಅವರ ದೇಶದಲ್ಲಿ ಊಟದ ಹೊತ್ತೇ ಅದಂತೆ. ಮಾನಪ್ಪ ಮಣೆಯ ಮೇಲೆ ಮಂಡಿ ಮಡಚಲಾರದೆ ಮಡಚಿ, ಕೆಂಪು ಖಾರ ತಿಂದು, ಕಣ್ಣಲ್ಲಿ ನೀರು ಸುರಿಸಿ, ಇನ್ನಷ್ಟು ಕೇಳಿದ. ಅಲ್ಲಿಗೆ ಆಯಿಯ ಮನಸ್ಸು ಆತನ ಕಡೆ ಅರ್ಧ ವಾಲಿತು. ಉಳಿದರ್ಧ ಕೆಟ್ಟಿದ್ದು ಏಳುವಾಗ. ಡ್ರೈವರು ಕಲಿಸಿದ ಕನ್ನಡದಲ್ಲಿ, ದೀಪದ ಎದುರು, ಹೊಸ್ತಿಲ ಮೇಲೆ ನಿಂತು, ಮಾನಪ್ಪ ಸ್ಪಷ್ಟವಾಗಿ 'ಹೋಗ್ತೇನಿ' ಎಂದ. ಆಯಿ ಆತನನ್ನು ರಟ್ಟೆ ಹಿಡಿದು ಒಳಕ್ಕೆ ಎಳೆದುಕೊಂಡು, ಮಣೆಯ ಮೇಲೆ ಮತ್ತೆ ಕೂರಿಸಿ, ನೀರು ಕುಡಿಸಿ, 'ಬರ್ತೇನಿ' ಎನ್ನಿಸಿ ಹೊರಗೆ ಬಿಟ್ಟಳು. ಆಗ ಮಾನಪ್ಪನ ಮುಖದ ಮೇಲೆ ಒಂದು ದೊಡ್ಡ ಗುಟ್ಟು ಬಿಚ್ಚಿದ ಬೆಳಕು ಬಂತು. ಡ್ರೈವರ ಮೂಲಕ ಆತ ಹೇಳಿದ್ದಿಷ್ಟು: ಕೆಲಸ ಅರ್ಧಕ್ಕೆ ಬಿಟ್ಟ ಫಿಟ್ಟರನೊಬ್ಬ ಹಿಂದಿನ ವಾರ 'ಬರ್ತೇನ್ರಿ' ಎಂದು ಇಳಿದುಹೋಗಿದ್ದನಂತೆ. ಆತ ಬರುತ್ತಾನೆಂದು ನಂಬಿ ಮಾನಪ್ಪ ಗುಡ್ಡದ ಮೇಲೆ ಸಂಜೆತನಕ ಕಾದು ಕೂತಿದ್ದನಂತೆ.

ಮರುದಿನದಿಂದ ಪಾಠ ಆರಂಭವಾಯಿತು. ನಾವು ಆತನಿಗೆ ಮಾತು ಕಲಿಸಿದ ಮೇಲೆ ಆತ ನಮಗೆ ಕಲಿಸುವುದು ನ್ಯಾಯವಾಗಿತ್ತು. ರೊಟ್ಟಿ ಬೇಯುವ ತನಕ ಮಾನಪ್ಪ ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದ. ಕರೆಂಟು ಹೋಗಿರುತ್ತಿತ್ತು, ಅದು ಪಾಠಕ್ಕೆ ಅನುಕೂಲ. ಮೇಲೆ ಬೆರಳು ತೋರಿಸಿ 'ಲೂನಾ' ಎನ್ನುತ್ತಿದ್ದ, ನಾನು ಚಂದ್ರ ಎಂದು ತಿಳಿಯುತ್ತಿದ್ದೆ. 'ಎಸ್ತ್ರೆಯಾ' ಎಂದರೆ ಚುಕ್ಕಿ. 'ನೋಚೆ' ಎಂದರೆ ರಾತ್ರಿ. ಕೆನ್ನೆಗೆ ಕೈ ಕೊಟ್ಟು ಕಣ್ಣು ಮುಚ್ಚಿ 'ಸುಎನ್ಯೊ' ಎಂದರೆ ನಿದ್ದೆ, ಅದರೊಳಗಿನ ಕನಸೂ ಅದೇ. ನಾನು ಈ ಮಾತುಗಳನ್ನು ಒಳಗೆ ಅವ್ವನ ರೊಟ್ಟಿಯ ಪೆಟ್ಟಿಗೆ ಹೊಂದಿಸಿ ಬಾಯಿಪಾಠ ಮಾಡುತ್ತಿದ್ದೆ. ಲೂ ಎಂದರೆ ಒಂದು ಪೆಟ್ಟು, ನಾ ಎಂದರೆ ಇನ್ನೊಂದು. ಹೆಣ್ಣು ಹುಡುಗಿ, ಅದೂ ತಂದೆಯಿಲ್ಲದ್ದು, ಕಟ್ಟೆಯ ಮೇಲೆ ಕೂತು ಪರದೇಶದವನ ಹತ್ತಿರ ಏನು ಕಲಿಯುತ್ತದೆ ಎಂದು ಓಣಿ ಕೇಳಿತು. ಈಗಲೂ ನೆಂಟರ ಮದುವೆಗಳಲ್ಲಿ ಕೇಳುವವರಿದ್ದಾರೆ. ನಾನೀಗ ನರಗುಂದದಲ್ಲಿ ಮಕ್ಕಳಿಗೆ ಗಣಿತ ಕಲಿಸುವವಳು. ಲೆಕ್ಕಕ್ಕೆ ಲೂನಾದಿಂದ ಏನು ಉಪಯೋಗ ಎಂದು ಅವರ ತರ್ಕ. ಏನೂ ಇಲ್ಲ. ಕಲಿಯಬೇಕೆನ್ನಿಸಿತು, ಕಲಿತೆ. ಯಾರ ಅಪ್ಪಣೆಯನ್ನೂ ಪಡೆಯಲಿಲ್ಲ, ಇನ್ನು ಮೇಲೆ ಪಡೆಯುವ ವಿಚಾರವೂ ಇಲ್ಲ.

ಅಪ್ಪಣೆ ಕೊಡುವ ಏಕೈಕ ನ್ಯಾಯಪೀಠ ಆಯಿಯದು, ಅದು ಬೇಗನೆ ನಮ್ಮ ಪಕ್ಷಕ್ಕೆ ಬಂತು. ಒಂದು ರಾತ್ರಿ ಉಪ್ಪು ನಿಜವಾಗಿಯೇ 'ಹೆಚ್ಚಾಗಿತ್ತು'. ಪಕ್ಕದ ಮನೆಗೆ ಹೋಗಿ ಹೆಸರು ಹಿಡಿದು ಕೇಳುವಂತಿಲ್ಲ, ಪಲ್ಯ ಒಲೆಯ ಮೇಲಿದೆ. ಉಪ್ಪಿಗೆ ಅವರಲ್ಲಿ ಏನೆನ್ನುತ್ತಾರೆ ಎಂದು ಆಯಿ ನನ್ನಿಂದ ಮಾನಪ್ಪನನ್ನು ಕೇಳಿಸಿದಳು. 'ಸಾಲ್' ಎಂದು ಉತ್ತರ ಬಂತು. ಆಯಿ ಸ್ವಲ್ಪ ಹೊತ್ತು ಎಲೆ ಅಗಿದಳು. ಆಮೇಲೆ ಎದ್ದು, ಬಟ್ಟಲು ಹಿಡಿದು, ಪಕ್ಕದ ಮನೆಯ ಬಾಗಿಲಲ್ಲಿ ನಿಂತು, ಒಂದು ಬಟ್ಟಲು ಸಾಲ್ ಕೊಡಬೇಕೆಂದು ಗಂಭೀರವಾಗಿ ಕೇಳಿದಳು. ಬಟ್ಟಲಿನ ಮೇಲೆ ಚಿಟಿಕೆ ಉದುರಿಸಿ ತೋರಿಸಿದ ಮೇಲೆ ಉಪ್ಪು ಬಂತು. ಅನಾಹುತವೇನೂ ಆಗಲಿಲ್ಲ. ನಮ್ಮ ಊರಿನ ದೆವ್ವ, ಹುಳ, ಶನಿಗಳಿಗೆ ಸ್ಪೇನಿನ ಭಾಷೆ ಬರುವುದಿಲ್ಲ ಎಂದು ಆಯಿ ತೀರ್ಪು ಕೊಟ್ಟಳು. ಅಂದಿನಿಂದ ಬೇರೆ ಭಾಷೆಯಲ್ಲಿ ರಾತ್ರಿ ಎಲ್ಲ ಮಾತೂ ಆಡಬಹುದೆಂದಾಯಿತು. ಹೊತ್ತು ಮುಳುಗುವ ತನಕ ಅವರು 'ಬುಎನಾಸ್ ತಾರ್ದೆಸ್' ಎನ್ನುತ್ತಾರೆ, ಕತ್ತಲಾದರೆ 'ಬುಎನಾಸ್ ನೋಚೆಸ್' ಎನ್ನುತ್ತಾರೆ ಎಂದು ಕೇಳಿದಾಗಲಂತೂ ಆಯಿಗೆ ಬಹಳ ಸಮಾಧಾನವಾಯಿತು. ದೀಪ ಹಚ್ಚಿದ ಮೇಲೆ ಮಾತು ಬದಲಿಸುವ ಮಂದಿ ಎಂದರೆ ಮನೆತನಸ್ಥರೇ ಇರಬೇಕು. ಒಂದೇ ಸಂಶಯ ಉಳಿಯಿತು. ಅವರು ಒಂದು ರಾತ್ರಿಯನ್ನಲ್ಲ, ರಾತ್ರಿಗಳು ಎಂದು ಬಹುವಚನದಲ್ಲಿ ಹರಸುತ್ತಾರೆ. ಒಂದು ರಾತ್ರಿ ಚಲೋ ಹೋದರೆ ಸಾಲದೇನು ಇವರಿಗೆ ಎಂದಳು. ಆಮೇಲೆ ತಾನೇ ಪರಿಹರಿಸಿಕೊಂಡಳು: ನಾವು ಹಿರಿಯರಿಗೆ ಕೊಡುವ ಬಹುವಚನವನ್ನು ಅವರು ರಾತ್ರಿಗೆ ಕೊಡುತ್ತಾರೆ, ತಪ್ಪೇನು.

ಪರದೆಯ ಈಚೆ ಇನ್ನೊಬ್ಬಳು ಪಾಠ ಕಲಿಯುತ್ತಿದ್ದಾಳೆಂದು ನನಗೆ ಗೊತ್ತಾದದ್ದು ತಡವಾಗಿ. ಒಂದು ದಿನ ಅವ್ವ ಹಿಟ್ಟು ನಾದುತ್ತ, ತಲೆ ಎತ್ತದೆ, ಮಾನಪ್ಪ ಬರುವಾಗ ಏನನ್ನುತ್ತಾನೆ ಎಂದು ಕೇಳಿದಳು. ಬುಎನಾಸ್ ನೋಚೆಸ್ ಎಂದೆ. ಏಳುವಾಗ? ಅದನ್ನೇ ಎಂದೆ, ಒಮ್ಮೊಮ್ಮೆ 'ಆಸ್ತಾ ಮನ್ಯಾನಾ' ಎನ್ನುತ್ತಾನೆ, ನಾಳೆಯ ತನಕ ಎಂದು. ಅವ್ವ ಅದನ್ನು ಕೂಡಲೇ ತಳ್ಳಿಹಾಕಿದಳು. ನಾಳೆಯ ಮಾತು ಆಕೆಗೆ ಬೇಡವಾಗಿತ್ತು.

"ಆ ಇನ್ನೊಂದು ಐತಲ್ಲ, ಅದರಾಗ ಬರ್ರಿ ಅನ್ನೋದು ಐತೇನು?"

"ಇಲ್ಲ."

"ಹೋಗ್ರಿ ಅನ್ನೋದು?"

"ಅದೂ ಇಲ್ಲ."

"ಹಂಗಾರ ನಡೀತೈತಿ."

ಆ ರಾತ್ರಿ ಲಾರಿಯವನು ಎಂದಿನಂತೆ ಹೊಸ್ತಿಲ ಮೇಲೆ ನಿಂತು ಹಲ್ಲಿನಲ್ಲಿ ಕಡ್ಡಿಯಾಡಿಸುತ್ತ ಪರದೆಯನ್ನು ವಿಚಾರಿಸಿದ. ಪರದೆ ಸರಿಯಿತು. ಅವ್ವ ಸೆರಗು ತಲೆಯ ಮೇಲೆಳೆದುಕೊಂಡು, ಹಿಟ್ಟಿನ ಕೈಯನ್ನು ಮುಂದೆ ಹಿಡಿದುಕೊಂಡು, ಒಂದೇ ಉಸಿರಿನಲ್ಲಿ 'ಬುಎನಾಸ್ ನೋಚೆಸ್ ರೀ' ಎಂದಳು. ಕೊನೆಯ 'ರೀ' ಆಕೆಯದೇ ಜೋಡಣೆ. ಮರ್ಯಾದೆ ಇಲ್ಲದ ಮಾತು ಆಕೆಯ ಬಾಯಲ್ಲಿ ಬರುತ್ತಿರಲಿಲ್ಲ. ಲಾರಿಯವನ ಬಾಯಿಂದ ಕಡ್ಡಿ ಬಿತ್ತು. ತನ್ನನ್ನು ಕರೆದಳೋ, ಕಳಿಸಿದಳೋ, ಬೈದಳೋ ತಿಳಿಯದೆ ಆತ 'ಹೌದ್ರಿ' ಎಂದು ಮೆಟ್ಟಿಲಿಳಿದ. ಅವ್ವ ಒಳಗೆ ಬಂದು ಮುಂದಿನ ರೊಟ್ಟಿ ತಟ್ಟಿದಳು. ಆ ರೊಟ್ಟಿಯಷ್ಟು ತೆಳ್ಳಗಿನ, ದುಂಡಗಿನ ರೊಟ್ಟಿಯನ್ನು ನಾನು ಇನ್ನೂ ನೋಡಿಲ್ಲ. ಒಂದು ತಿಂಗಳು ಕಳೆಯುವುದರಲ್ಲಿ ಮಾಸ್ತರರೂ ಲಾರಿಯವರೂ ನೌಕರರೂ ಬರುವಾಗ ಅದನ್ನೇ, ಏಳುವಾಗ ಅದನ್ನೇ ಅನ್ನತೊಡಗಿದರು. ಹಲ್ಲಿನ ಕಡ್ಡಿಯ ವಿಚಾರಣೆ ನಿಂತುಹೋಯಿತು. ಉತ್ತರ ಕೊಡುವ ಹೆಂಗಸಿಗೆ ಯಾರು ಪ್ರಶ್ನೆ ಕೇಳುತ್ತಾರೆ.

ಸುದ್ದಿ ರಾಜೂರಿಗೆ ಹೋಯಿತು. ಅಲ್ಲಿ ದೊಡ್ಡಪ್ಪ ಇದ್ದ, ಅಪ್ಪನ ಅಣ್ಣ. ದೊಡ್ಡಪ್ಪ ಮನೆತನದ ಮರ್ಯಾದೆಯನ್ನು ತನ್ನ ಪಟಗದ ಹಾಗೆ ಸದಾ ತಲೆಯ ಮೇಲೆ ಹೊತ್ತು ತಿರುಗುವವನು, ಮತ್ತು ಆತನ ಹೊಲದಲ್ಲೂ ಅಡಿಗೆಮನೆಯಲ್ಲೂ ಯಾವಾಗಲೂ ಕೈಗಳು ಕಡಿಮೆ ಇರುತ್ತಿದ್ದವು. ಈ ಎರಡು ಸಂಗತಿಗಳಿಗೆ ಸಂಬಂಧವಿದೆ ಎಂದು ನಾನು ಹೇಳುವುದಿಲ್ಲ. ಸಂತೆಯ ದಿನ ಆತ ಬಂದು ಆಯಿಯ ಎದುರು ಕುರ್ಚಿಯ ಮೇಲೆ ಕೂತ. ಅವ್ವ ಪರದೆಯ ಈಚೆ ನಿಂತಳು. ಗಂಡನ ಅಣ್ಣನ ಎದುರು ಬಾಯಿಬಿಟ್ಟು ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಮದುವೆಯಾದಂದಿನಿಂದ ಆಕೆ ಆತನೊಡನೆ ಒಂದು ಮಾತು ನೇರ ಆಡಿದವಳಲ್ಲ. ಇಬ್ಬರ ನಡುವಿನ ಟಪಾಲು ನಾನೇ.

"ಯವ್ವಾ, ಮಂದಿ ಆಡಿಕೊಳ್ಳಾಕತ್ತೈತಿ. ರಾತ್ರಿ ಹೊತ್ತು ಗಂಡಸರಿಗೆ ಏನೋ ಪರದೇಶದ ಮಾತು ಅಂತಾಳಂತ ಇಕಿ. ರಾಜೂರ ತನಕಾ ಸುದ್ದಿ ಬಂದೈತಿ."

"ಸುದ್ದಿಗೆ ಬಸ್ ಚಾರ್ಜ್ ಇಲ್ಲಲ್ಲಪಾ, ಬರತೈತಿ."

ದೊಡ್ಡಪ್ಪ ನನ್ನ ಕಡೆ ತಿರುಗಿ ಆ ಮಾತಿನ ಅರ್ಥ ಕೇಳಿದ. ನಾನು ಬಲ್ಲಷ್ಟನ್ನು ಬಲ್ಲ ಹಾಗೆ, ಶಾಲೆಯಲ್ಲಿ ಎದ್ದು ನಿಂತು ಹೇಳುವಂತೆ, 'ಚಲೋ ರಾತ್ರಿಗೋಳು ಅಂತ್ರಿ ದೊಡ್ಡಪ್ಪ' ಎಂದೆ. ದೊಡ್ಡಪ್ಪ ಕಣ್ಣು ಮುಚ್ಚಿಕೊಂಡ. ಮುಚ್ಚಿದ ಕಣ್ಣಿನಲ್ಲಿಯೇ ನಿರ್ಣಯ ಹೊರಬಿತ್ತು. ಇವತ್ತಿನಿಂದ ದೀಪ ಹಚ್ಚಿದ ಮೇಲೆ ಖಾನಾವಳಿ ಬಂದ್. ಒಪ್ಪದಿದ್ದರೆ ಮೂವರೂ ಗಂಟು ಕಟ್ಟಿ ರಾಜೂರಿಗೆ ನಡೆಯಬೇಕು. ಎರಡೂ ಒಂದೇ ಎಂದು ನನಗೂ ಗೊತ್ತಿತ್ತು. ಮಧ್ಯಾಹ್ನದ ಊಟದ ದುಡ್ಡೊಂದರಿಂದಲೇ ಆ ಒಲೆ ಉರಿಯುತ್ತಿರಲಿಲ್ಲ. ಇಂದು ರಾತ್ರಿ ಆರಿಸಿದರೆ ನಾಲ್ಕು ತಿಂಗಳಲ್ಲಿ ರಾಜೂರಿನ ಬಸ್ಸು ಹತ್ತಬೇಕು. ಅಲ್ಲಿ ಅವ್ವ ದೊಡ್ಡಪ್ಪನ ಒಲೆಯ ಮುಂದೆ ಕೂರಬೇಕು, ನಾನು ದೊಡ್ಡಪ್ಪನ ಹೆಣ್ಣುಮಕ್ಕಳ ಹಾಗೆ ಶಾಲೆ ಬಿಟ್ಟು ಕಳೆ ಕೀಳಬೇಕು. ನಾನು ಪರದೆಯ ಕಡೆ ನೋಡಿದೆ. ಒಳಗಿಂದ ಟಪಾಲು ಬಂತು, ಎಂದಿನಂತೆ ನನ್ನ ಹೆಸರಿಗೆ.

"ಸುಮೀ, ಹೇಳು. ಉಣ್ಣಾಕ ಬಂದವರಿಗೆ ನಾ ಇಲ್ಲ ಅನ್ನಂಗಿಲ್ಲ. ಅನ್ನೋದಿದ್ರ ತಾವೇ ಬಾಗಲದಾಗ ಕುಂತು ಅನ್ನಲಿ."

ದೊಡ್ಡಪ್ಪ ಪಂಥ ಒಪ್ಪಿದ. ಹೊತ್ತು ಇಳಿಯುತ್ತಲೇ ಸ್ಟೂಲು ತರಿಸಿ, ಹೊಸ್ತಿಲ ಪಕ್ಕ ಹಾಕಿ, ಪಟಗ ಸರಿಮಾಡಿ, ಮೀಸೆ ತಿರುವಿ ಕೂತ. ನಾನು ಗೋಡೆಯ ಮಾಡದಲ್ಲಿ ದೀಪ ಹಚ್ಚಿದೆ. ಆಯಿ ಕಂಬದ ಹತ್ತಿರದಿಂದ ಎದ್ದು ಬಾಗಿಲಿಗೆ ಎದುರಾಗಿ ಬಂದು ಕೂತಳು. ಅಡಿಗೆಮನೆಯಲ್ಲಿ ರೊಟ್ಟಿಯ ಸಪ್ಪಳ ದಿನದ ಹೊತ್ತಿಗೇ ಶುರುವಾಯಿತು. ಮೊದಲು ಬಂದವರು ಇಬ್ಬರು ಮಾಸ್ತರರು. ಮೆಟ್ಟಿಲ ಹತ್ತಿರ ನಿಂತು ದೊಡ್ಡಪ್ಪನಿಗೆ ನಮಸ್ಕರಿಸಿದರು. ದೊಡ್ಡಪ್ಪ ಬಾಯಿ ತೆರೆದ. ತೆರೆದ ಬಾಯಿಯ ನೇರಕ್ಕೆ ದೀಪ, ದೀಪದ ಕೆಳಗೆ ತಾಯಿ.

"ಅನ್ನಪಾ. ದೀಪ ಹಚ್ಚಿದ ಮನಿ ಬಾಗಲದಾಗ, ಉಣ್ಣಾಕ ಬಂದವರಿಗೆ, ಇಲ್ಲ ಅನ್ನು. ನಿಮ್ಮಪ್ಪ ಅಂದಿದ್ದಿಲ್ಲ, ನೀ ಅನ್ನು."

ಮನೆತನದ ಮರ್ಯಾದೆಯನ್ನು ಹೊತ್ತವನಿಗೆ ಮನೆತನದ ಪದ್ಧತಿಯನ್ನು ಬಿಡಲು ಬರುವುದಿಲ್ಲ, ಅದೇ ಅದರ ತೊಂದರೆ. 'ಇಲ್ಲ' ಎನ್ನುವಂತಿಲ್ಲ. 'ಹೋಗ್ರಿ' ಎನ್ನುವಂತಿಲ್ಲ. ಮಾಸ್ತರರು ಕಾಯುತ್ತಿದ್ದರು. ದೊಡ್ಡಪ್ಪ ಸ್ಟೂಲನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದ. 'ಬರ್ರಿ' ಎಂದ. ಅವರು ಬಂದರು. ಅವರ ಹಿಂದೆ ನೌಕರರು ಬಂದರು, ಅವರಿಗೂ ಬರ್ರಿ. ಲಾರಿಯವರು ಬಂದರು, ಅವರಿಗೂ ಬರ್ರಿ. ನಮ್ಮ ಖಾನಾವಳಿಗೆ ಬಾಗಿಲಲ್ಲಿ ಕೂತು ಕರೆಯುವ ಹಿರಿಯರು ಸಿಕ್ಕದ್ದು ಅದೇ ಮೊದಲು. ಆ ದಿನ ಮಣೆ ಸಾಲದೆ ಗೋಣಿಚೀಲ ಹಾಸಬೇಕಾಯಿತು. ಕೊನೆಗೆ ಗುಡ್ಡದಿಂದ ಮಾನಪ್ಪ ಇಳಿದು ಬಂದ. ಪಟಗದ ಯಜಮಾನರು ತಾವೇ ಬಾಗಿಲಲ್ಲಿ ಕೂತು ಅತಿಥಿಗಳನ್ನು ಬರಮಾಡಿಕೊಳ್ಳುವುದನ್ನು ಕಂಡು ಆತನಿಗೆ ಬಹಳ ಗೌರವ ಬಂತು. ಎರಡೂ ಕೈ ಜೋಡಿಸಿ, ಬಗ್ಗಿ, 'ಬುಎನಾಸ್ ನೋಚೆಸ್ ರೀ' ಎಂದ. 'ರೀ' ಸಹಿತ, ಅವ್ವನಿಂದ ಕಲಿತದ್ದು. ಆಮೇಲೆ ದೊಡ್ಡಪ್ಪನ ಕೈ ಹಿಡಿದು ಕರೆದೊಯ್ದು ತನ್ನ ಪಕ್ಕದ ಮಣೆಯ ಮೇಲೆ ಕೂರಿಸಿಕೊಂಡ. ದೀಪ ಹಚ್ಚಿದ ಮನೆಯಲ್ಲಿ ಅನ್ನಕ್ಕೆ ಕರೆದವರ ಕೈ ಕೊಡಹುವಂತಿಲ್ಲ, ಅದೂ ಒಂದು ಶಾಸನ. ದೊಡ್ಡಪ್ಪ ಉಂಡ. ಬದನೆಕಾಯಿ ಎಣ್ಣೆಗಾಯಿಯನ್ನು ಎರಡನೆಯ ಸಲ ಬಡಿಸುವಾಗ ಆತ ಕೈ ಅಡ್ಡ ಹಿಡಿಯಲಿಲ್ಲವೆಂಬುದನ್ನು ನಾನು ಇತಿಹಾಸಕ್ಕಾಗಿ ಇಲ್ಲಿ ದಾಖಲಿಸುತ್ತೇನೆ.

ರಾಜೂರಿನ ಕೊನೆಯ ಬಸ್ಸಿನ ಹೊತ್ತಾಯಿತು. ದೊಡ್ಡಪ್ಪ ಕೈ ತೊಳೆದು, ಪಟಗ ಬಿಗಿ ಮಾಡಿ, ಹೊಸ್ತಿಲ ಹೊರಗೆ ಒಂದು ಕಾಲಿಗೆ ಚಪ್ಪಲಿ ಹಾಕಿದ. ಸೋಲು ಒಪ್ಪುವ ಮುಖ ಅಲ್ಲ ಅದು. ಮುಂದಿನ ಸಂತೆಗೆ ಬಂದು ನಿಮ್ಮನ್ನೆಲ್ಲ ವಿಚಾರಿಸಿಕೊಳ್ಳುತ್ತೇನೆ ಎನ್ನುವ ಮುಖ. ಆ ಮುಖದಲ್ಲೇ 'ಬರ್ತೇನಿ' ಎಂದ. ಇನ್ನು ನಾವು 'ಬರ್ರಿ' ಎನ್ನಬೇಕು. ನೆಂಟರಿಗೆ ಆ ಮಾತು ಅನ್ನದಿದ್ದರೆ ನೆಂಟಸ್ತಿಕೆ ಮುರಿದ ಹಾಗೆ. ಅಂದುಬಿಟ್ಟರೆ ಮುಂದಿನ ಸಂತೆಗೆ ಕರೆದ ಹಾಗೆ. ನಾನು ಆಯಿಯ ಮುಖ ನೋಡಿದೆ. ಆಯಿ ಚಂಚಿಯಲ್ಲಿ ಅಡಿಕೆ ಹುಡುಕುತ್ತಿದ್ದಳು. ಅಷ್ಟು ಹೊತ್ತು ಹುಡುಕುವ ಅಡಿಕೆ ಆ ಚಂಚಿಯಲ್ಲಿ ಎಂದೂ ಇರಲಿಲ್ಲ. ಪಡಸಾಲೆಯಲ್ಲಿ ಉಣ್ಣುವವರೆಲ್ಲ ತುತ್ತು ಎತ್ತಿದ ಕೈ ಹಾಗೇ ಹಿಡಿದಿದ್ದರು. ರೊಟ್ಟಿಯ ಸಪ್ಪಳ ನಿಂತಿತು. ಪರದೆ ಸರಿಯಿತು. ಅವ್ವ ಹೊರಗೆ ಬಂದು, ಸೆರಗನ್ನು ತಲೆಯ ಮೇಲೆ ಎಷ್ಟಿರಬೇಕೋ ಅಷ್ಟೇ ಎಳೆದು, ನನ್ನನ್ನು ದಾಟಿ ಹೊಸ್ತಿಲ ತನಕ ನಡೆದು, ತಲೆ ಎತ್ತಿ ಆತನ ಮುಖ ನೋಡಿದಳು. ಟಪಾಲು ಬೇಕಾಗಲಿಲ್ಲ.

"ಬುಎನಾಸ್ ನೋಚೆಸ್ ರೀ, ಭಾವಾರ."

ದೊಡ್ಡಪ್ಪ ತಪ್ಪು ಹುಡುಕಿದ. ಆತನ ಮುಖದಲ್ಲಿ ಹುಡುಕಾಟ ಕಾಣುತ್ತಿತ್ತು. ಹೋಗ್ರಿ ಅಂದಿರಲಿಲ್ಲ, ಶಾಪ ಎನ್ನಲು ಬರುವುದಿಲ್ಲ. ಬರ್ರಿ ಅಂದಿರಲಿಲ್ಲ, ಕರೆದರು ಎಂದು ಬರಲು ಬರುವುದಿಲ್ಲ. ಮರ್ಯಾದೆ ಕೊಟ್ಟಿಲ್ಲ ಎನ್ನೋಣವೆಂದರೆ 'ರೀ' ಇದೆ, 'ಭಾವಾರ' ಇದೆ. ಒಂದು ಕಾಲಿನ ಚಪ್ಪಲಿಯ ಮೇಲೆ ನಿಂತೇ ನನ್ನನ್ನು ಕೇಳಿದ.

"ಇದಕ್ಕ ತಿರುಗಿ ಏನನ್ನಬೇಕು?"

"ಅದನ್ನೇ ಅನ್ನಬೇಕ್ರಿ, ದೊಡ್ಡಪ್ಪ."

ಆತ ಇನ್ನೊಂದು ಚಪ್ಪಲಿ ಮೆಟ್ಟಿದ. ಮೆಟ್ಟಿಲಿಳಿದು ಬಸ್ಸಿನ ಕಡೆ ನಡೆದ. ಅವ್ವ ಆತನ ಬೆನ್ನು ಓಣಿ ತಿರುಗುವ ತನಕ ನೋಡುತ್ತ ನಿಲ್ಲಲಿಲ್ಲ. ಒಳಗೆ ಹೋಗಿ, ಹಂಚಿನ ಮೇಲಿನ ರೊಟ್ಟಿ ಸೀದಿರುವುದನ್ನು ನೋಡಿ ತೆಗೆದಿಟ್ಟು, ಹೊಸ ಮುದ್ದೆ ಕೈಗೆತ್ತಿಕೊಂಡಳು. ಇನ್ನೂ ಉಣ್ಣುವವರಿದ್ದರು.